ನಾದಯೋಗಿ ಶ್ರೀ ಮಲ್ಲಿಕಾರ್ಜುನ ಮನಸೂರರು

ಮನಸ್ಸು ಪ್ರಾಣವನ್ನು ಆಶ್ರಯಿಸಿಕೊಂಡಿರುವುದು. ಪ್ರಾಣವು ಉಸಿರಿನ ಗತಿಯಲ್ಲಿ ತೋರುವುದು. ಉಸಿರು ತಡಬಡಿಸಿದರೆ ಮನಸ್ಸೂ ತಡಬಡಿಸುವುದು. ಉಸಿರು ಹದಕ್ಕೆ ಬಂದರೆ ಮನಸ್ಸೂ ಹದಕ್ಕೆ ಬರುವುದು. ಗಾಯಕನು ಒಂದು ಸ್ವರದ ಮೇಲೆ ನೆಲೆನಿಲ್ಲಬೇಕಾದರೆ ಮೊದಲು ತನ್ನ ಉಸಿರನ್ನು ಆಳಬೇಕು. ಆದುದರಿಂದಲೇ ನಮ್ಮ ಹಿರಿಯರು ಸಂಗೀತವನ್ನು ಬರಿಯ ವಿನೋದವೆಂದು ಎಣಿಸದೆ ಸಾಧನೆಯ ಅಂಗವೆಂದು ಎಣಿಸಿದರು. ಶರಣರು ಕಾಯವನ್ನೇ ವಾದ್ಯವಾಗಿ ಭಾವಿಸಿದರು. ನಿಜಗುಣ ಶಿವಯೋಗಿಗಳು ತಮ್ಮ ವಿವೇಕಚಿಂತಾಮಣಿಯಲ್ಲಿ ಇತರ ಶಾಸ್ತ್ರಗಳೊಡನೆ ಸಂಗೀತಕ್ಕೂ ಎಡೆಗೊಟ್ಟರು. ತತ್ತ್ವವನ್ನು ಹಾಡಾಗಿಸಿ ಜನರ ನಾಲಗೆಯ ಮೇಲೆ ನಿಲ್ಲಿಸಿದರು.

ಆದರೆ ನಾದಕ್ಕೆ ಒಂದು ಕೊರತೆಯುಂಟು. ಅದು ಹುಟ್ಟಿದ ಕ್ಷಣದಲ್ಲಿಯೇ ಅಳಿದುಹೋಗುವುದು. ಹಾಡಿದವನ ಕಂಠ ಮಣ್ಣುಗೂಡಿದ ಮೇಲೆ ಉಳಿಯುವುದು ಕೇಳಿದವರ ನೆನಪು ಮಾತ್ರ. ಈ ಕೊರತೆಯನ್ನು ನೀಗಿಸುವ ಯಂತ್ರವೊಂದು 20ನೆಯ ಶತಮಾನದ ಆದಿಯಲ್ಲಿ ಭರತಖಂಡಕ್ಕೆ ಬಂದಿತು. ಅದರಿಂದ ಗಾಯಕರಿಗೂ ಶ್ರೋತೃಗಳಿಗೂ ಆದ ಲಾಭವೇನು, ಬಂದ ಅಪಾಯವೇನು ಎಂಬುದನ್ನು ತಿಳಿಯಲಪೇಕ್ಷಿಸುವವರಿಗೆ ಧಾರವಾಡದ ಶ್ರೀ ಮಲ್ಲಿಕಾರ್ಜುನ ಮನಸೂರರ ಜೀವನಕ್ಕಿಂತ ಹೆಚ್ಚಿನ ನಿದರ್ಶನ ಬೇಕಿಲ್ಲ.

ಶ್ರೀಯವರು ತೆಂಗಿನ ಸೀಮೆಯವರಲ್ಲ. ಆದರೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಭಕ್ತವೃಂದಕ್ಕೆ ಅವರ ಋಣವುಂಟು. ಈ ಸೀಮೆಗೆ ಹೊಂದಿದ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ ಎಡೆಯೂರಿನಲ್ಲಿ ಲಿಂಗೈಕ್ಯರಾದ ತೋಂಟದ ಸಿದ್ಧಲಿಂಗ ಯತಿಗಳೂ ಅವರ ಶಿಷ್ಯಪರಂಪರೆಯೂ ವಚನವಾಙ್ಮಯವನ್ನು ತಾಳೆಗರಿಯಲ್ಲಿ ಕಾಪಾಡಿ ಬೆಳೆಸಿದ ಸಂಗತಿ ಎಲ್ಲರಿಗೂ ವಿದಿತವಾದುದೇ. ಶೂನ್ಯಸಂಪಾದನೆಯನ್ನು ಸಂಕಲಿಸಿದ ಗೂಳೂರು ಸಿದ್ಧವೀರಣ್ಣೊಡೆಯರು ಈ ಪರಂಪರೆಯವರೇ. ಗರಿಯಲ್ಲಿ ಉಳಿದ ಆ ವಚನಗಳನ್ನು 1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವೆಂಬ ಹೆಸರಿನಿಂದ ಅಚ್ಚಿಗೆ ತಂದರು. ಅಚ್ಚಿನಲ್ಲಿದ್ದುದನ್ನು ಕಂಠಕ್ಕೆ ತಂದ ಗಾಯಕರಲ್ಲಿ ಮನಸೂರರು ಅಗ್ರಗಣ್ಯರು. ಕಾವ್ಯವಾಚನ, ಶಿವಭಜನೆ ಮತ್ತು 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಮಂಡಲಿಯ ರಂಗಗೀತಗಳಲ್ಲಿ ಪಳಗಿದ್ದ ಈ ಸೀಮೆಯ ಕಿವಿಗೆ, ಉತ್ತರಾದಿ ರಾಗಗಳಲ್ಲಿ ವಚನವು ಕೇಳಿಬಂದುದು ರೇಡಿಯೋ ಮತ್ತು ಗ್ರಾಮಫೋನ್ ತಟ್ಟೆಗಳ ಮೂಲಕ. ಆದುದರಿಂದ ಅವರ ಚರಿತ್ರೆಯು ಈ ಸೀಮೆಯ ಭಕ್ತರಿಗೂ ಮನನೀಯವಾದುದು.

ಜನನ ಮತ್ತು ಬಾಲ್ಯ

ಧಾರವಾಡದ ಪಶ್ಚಿಮಕ್ಕೆ ಮೂರು ಮೈಲಿಗಳ ದೂರದಲ್ಲಿ ಮನಸೂರೆಂಬ ಗ್ರಾಮವಿದೆ. 1910ನೆಯ ಇಸವಿ ಡಿಸೆಂಬರ್ 31ರಂದು, ಅಮಾವಾಸ್ಯೆಯ ದಿನ, ಮಲ್ಲಿಕಾರ್ಜುನರು ಅಲ್ಲಿ ಜನಿಸಿದರು. ತಂದೆ ಭೀಮರಾಯಪ್ಪನವರು ಊರ ಗೌಡರು, ಒಕ್ಕಲುತನದವರು, ಸಂಗೀತದಲ್ಲಿ ಅತ್ಯಂತ ಆಸಕ್ತರು, ತಾಯಿ ನೀಲಮ್ಮನವರು. ಮನೆಯು ಲಿಂಗಾಯತ ಒಕ್ಕಲು ಮನೆತನ, ಮಕ್ಕಳು ಬಹುಮಂದಿ. ಹೊಲದ ಕೆಲಸವೂ ಶಿವಭಕ್ತಿಯೂ ಹಾಡೂ ಒಂದೇ ಸೂರಿನಡಿಯಲ್ಲಿ ಕೂಡಿದ್ದವು.

ಹಿರಿಯಣ್ಣ ಬಸವರಾಜರು ನಾಟಕದ ವೃತ್ತಿಯಲ್ಲಿದ್ದರು. ಮಲ್ಲಿಕಾರ್ಜುನರು ಒಂಬತ್ತು ವರ್ಷದ ಬಾಲಕರಾಗಿದ್ದಾಗಲೇ ಬಣ್ಣ ಹಚ್ಚಿ ರಂಗಕ್ಕೆ ಬಂದರು. ಆ ಕಾಲದ ನಾಟಕಗಳಲ್ಲಿ ಮಾತಿಗಿಂತ ಹಾಡಿನದೇ ಪ್ರಾಬಲ್ಯ. ಬಾಲನಟನಿಗೆ ಕಂಠವಿಲ್ಲದಿದ್ದರೆ ಪಾತ್ರವೇ ಇಲ್ಲ. ಮಲ್ಲಿಕಾರ್ಜುನರ ಕಂಠವು ತೆಳುವಾಗಿಯೂ ಇಂಪಾಗಿಯೂ ಇದ್ದುದರಿಂದ ಮಂಡಲಿಯವರು ಬಗೆಬಗೆಯ ಪದಗಳನ್ನು ಅವರಿಂದ ಹಾಡಿಸಿದರು. ಹಾಗೆ ಹಾಡುತ್ತಿದ್ದಾಗ ಅಪ್ಪಯ್ಯಸ್ವಾಮಿಗಳೆಂಬ ಸಂಗೀತಜ್ಞರು ಕೇಳಿ ಮೆಚ್ಚಿ ಶಿಷ್ಯನನ್ನಾಗಿ ಸ್ವೀಕರಿಸಿದರು. ಅವರಲ್ಲಿ ದೊರೆತುದು ಕರ್ನಾಟಕ ಪದ್ಧತಿಯ ಪಾಠ. ಹೀಗೆ ಮುಂದೆ ಉತ್ತರಾದಿ ಸಂಗೀತಕ್ಕೆ ಹೆಸರಾದ ಈ ಗಾಯಕರ ಅಡಿಗಲ್ಲು ದಕ್ಷಿಣಾದಿಯದು. ಧಾರವಾಡವು ಎರಡು ಪದ್ಧತಿಗಳ ಗಡಿಯಲ್ಲಿರುವ ಊರು. ಆ ಎರಡರ ನೀರೂ ಇವರ ಬೇರಿಗೆ ಇಳಿಯಿತು.

ಅನಂತರ ಮಿರಜದ ಶ್ರೀ ನೀಲಕಂಠಬುವಾ ಆಲೂರಮಠರ ಆಶ್ರಯವಾಯಿತು. ಇವರು ಗ್ವಾಲಿಯರ್ ಘರಾಣೆಯ ವಿದ್ವಾಂಸರು. ತಂಬೂರಿ ಮಾಡುವ ಕುಶಲಿಗರಿಗೆ ಪ್ರಸಿದ್ಧವಾದ ಮಿರಜವು ಆಗ ಗಾಯಕರ ತವರೂ ಆಗಿತ್ತು. ಅಲ್ಲಿ ಮಲ್ಲಿಕಾರ್ಜುನರು ಹಲವು ವರ್ಷಗಳ ಕಾಲ ಗುರುಸನ್ನಿಧಿಯಲ್ಲಿದ್ದು ಖ್ಯಾಲಿನ ಕ್ರಮವನ್ನೂ ಚೀಜುಗಳ ಸಂಗ್ರಹವನ್ನೂ ಸಂಪಾದಿಸಿದರು. ಹಾಡಿನ ಒಡಲನ್ನು ಕೆಡಿಸದೆ, ಪದವನ್ನು ನುಂಗದೆ, ಲಯವನ್ನು ಬಿಡದೆ ಹಾಡುವ ಶಿಸ್ತು ಅವರಿಗೆ ಅಲ್ಲಿ ನೆಲೆಯಾಯಿತು.

ಅರಗಿನ ತಟ್ಟೆ

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರಜಾನ್ ಎಂಬ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡಂದಿನಿಂದ ಗ್ರಾಮಫೋನ್ ವ್ಯಾಪಾರವು ಈ ದೇಶದಲ್ಲಿ ಬೇರೂರಿತು. ತಟ್ಟೆಯ ಮುಖ್ಯ ದ್ರವ್ಯ ಅರಗು. ಆ ಅರಗು ದೊರೆಯುತ್ತಿದ್ದುದು ಹೆಚ್ಚಾಗಿ ಭರತಖಂಡದ ಕಾಡುಗಳಿಂದಲೇ. ಮೊದಮೊದಲು ಗಾಯಕನು ದೊಡ್ಡದೊಂದು ಕಹಳೆಯ ಬಾಯಿಗೆ ಮುಖವಿಟ್ಟು ಕೂಗಿ ಹಾಡಬೇಕಾಗಿತ್ತು. 1925ರ ತರುವಾಯ ವಿದ್ಯುತ್ತಿನ ಮೈಕು ಬಂದು ಆ ಕಷ್ಟ ತಪ್ಪಿತು. ತಟ್ಟೆಯು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದೊಂದು ಮುಖದಲ್ಲಿ ಹಿಡಿಯುತ್ತಿದ್ದುದು ಮೂರು ಮೂರೂವರೆ ನಿಮಿಷಗಳ ಹಾಡು ಮಾತ್ರ.

ಈ ಮೂರು ನಿಮಿಷಗಳ ಕಟ್ಟಳೆಯು ಸಂಗೀತವನ್ನೇ ತಿದ್ದಿತು. ಸಭೆಯಲ್ಲಿ ಒಂದು ತಾಸು ಹಾಡತಕ್ಕ ರಾಗವನ್ನು ಗಾಯಕನು ಬೊಗಸೆಗೆ ಇಳಿಸಬೇಕಾಯಿತು. ಸಾವಕಾಶವಾದ ಆಲಾಪಕ್ಕೆ ಎಡೆಯಿಲ್ಲ. ರಾಗದ ಮುಖವನ್ನು ಮೊದಲ ಸ್ವರಗಳಲ್ಲಿಯೇ ತೋರಿಸಬೇಕು. ತಾನುಗಳನ್ನು ಬಿಗಿಯಾಗಿ ಜೋಡಿಸಬೇಕು. ಗಳಿಗೆ ತುಂಬುವುದರೊಳಗೆ ಮುಗಿಸಬೇಕು. ಬಲ್ಲವರ ಕೈಯಲ್ಲಿ ಇದು ಕನ್ನಡಿಯೊಳಗಿನ ಬೆಟ್ಟವಾಯಿತು. ಅಲ್ಪಜ್ಞರ ಕೈಯಲ್ಲಿ ಬರಿಯ ಚಮತ್ಕಾರವಾಯಿತು. ಶ್ರೋತೃಗಳ ಮನಸ್ಸಿನ ಮೇಲೂ ಇದರ ಪರಿಣಾಮವಾಗದೆ ಇರಲಿಲ್ಲ. ಅರಮನೆಯ ಬಾಗಿಲನ್ನು ಕಾಣದವನೂ ಅರಮನೆಯ ಗಾಯನವನ್ನು ಕೇಳುವಂತಾದುದು ಮಹದುಪಕಾರ. ಬೇಡವೆನಿಸಿದೊಡನೆ ಮುಳ್ಳನ್ನೆತ್ತಿ ಬೇರೆ ತಟ್ಟೆಯಿಡುವ ಅಭ್ಯಾಸ ಬಂದುದು ಅಷ್ಟೇ ದೊಡ್ಡ ಹಾನಿ. ಕಾದು ಕೇಳುವ ತಾಳ್ಮೆಯು ಅಂದಿನಿಂದ ಸಡಿಲವಾಗತೊಡಗಿತು.

1930ರ ದಶಕದಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯವರು ಮಲ್ಲಿಕಾರ್ಜುನರ ಗಾಯನವನ್ನು ತಟ್ಟೆಗಿಳಿಸಿದರು. ಆಗ ಅವರಿನ್ನೂ ಇಪ್ಪತ್ತರ ಹರೆಯದವರು. ಗೌಡಮಲ್ಹಾರ ಮತ್ತು ಅಡಾಣಾ ರಾಗಗಳ ಅವರ ತಟ್ಟೆಯು ಜನಾದರವನ್ನು ಪಡೆಯಿತು. ಮನಸೂರಿನ ಒಕ್ಕಲಿಗರ ಮಗನ ಹೆಸರು ಮುಂಬಯಿಯ ಅಂಗಡಿಗಳವರೆಗೆ ಹಬ್ಬಿತು.

ಇಲ್ಲಿಯೇ ಅವರ ಬಾಳಿನ ನಿಜವಾದ ಪರೀಕ್ಷೆ ಒದಗಿದುದು. ವಯಸ್ಸು ಚಿಕ್ಕದು, ಕಂಠ ಪಳಗಿದುದು, ಕಂಪನಿಯ ಮನ್ನಣೆ ಕೈಗೆ ಬಂದಿರುವುದು. ಬಂದ ಕೀರ್ತಿಯನ್ನೇ ನೆಚ್ಚಿ, ಜನರು ಮೆಚ್ಚಿದ ಹಾಡುಗಳನ್ನೇ ತಿರುತಿರುಗಿ ಹಾಡಿಕೊಂಡು ಸುಖವಾಗಿ ಬಾಳಬಹುದಾಗಿತ್ತು. ಬಹುಮಂದಿ ಗಾಯಕರು ಹಾಗೆಯೇ ಬಾಳಿದರು. ಅವರ ಹೆಸರುಗಳು ತಟ್ಟೆಗಳೊಡನೆಯೇ ಸವೆದುಹೋದುವು. ಮಲ್ಲಿಕಾರ್ಜುನರ ಅಂತರಂಗವು ಇದಕ್ಕೊಪ್ಪಲಿಲ್ಲ. ತಮ್ಮಲ್ಲಿರುವುದು ಸಾಲದೆಂಬ ಅರಿವು ಅವರಿಗಿತ್ತು. ಹೆಸರಾಂತ ಗಾಯಕರು ಮತ್ತೆ ಶಿಷ್ಯರಾಗಲು ಹೊರಟರು.

ಮರಳಿ ಶಿಷ್ಯತ್ವ

ಜಯಪುರ-ಅತ್ರೌಳಿ ಘರಾಣೆಯ ಮೂಲಪುರುಷರಾದ ಉಸ್ತಾದ್ ಅಲ್ಲಾದಿಯಾಖಾನರು ಆಗ ವೃದ್ಧರಾಗಿದ್ದರು. ಅವರಲ್ಲಿಗೆ ಹೋದ ಮಲ್ಲಿಕಾರ್ಜುನರನ್ನು ಅವರು ತಮ್ಮ ಮಗ ಮಂಜಿಖಾನರಿಗೆ ಒಪ್ಪಿಸಿದರು. ಮನಸೂರರ ತಟ್ಟೆಯ ಗಾಯನವು ಅಷ್ಟರಲ್ಲಿಯೇ ಮಂಜಿಖಾನರ ಕಿವಿಗೆ ಬಿದ್ದಿತ್ತೆಂದು ಹೇಳುವರು. ಹಾಗಾದರೆ ತಟ್ಟೆಯು ಮಾಡಿದ ಪುಣ್ಯಕಾರ್ಯವಿದು: ಅದು ಶಿಷ್ಯನನ್ನು ಗುರುವಿನ ಮನೆಬಾಗಿಲಿಗೆ ತಲುಪಿಸಿತು. ಬಾಗಿಲೊಳಗೆ ಕಾಲಿಟ್ಟ ಮೇಲೆ ಅದರಿಂದ ಪ್ರಯೋಜನವಿಲ್ಲ. ಅಲ್ಲಿಂದ ಮುಂದೆ ಗುರುವಿನ ಎದುರಿನಲ್ಲಿ ಕುಳಿತು, ಅವರ ಬಾಯಿಂದ ಬಂದುದನ್ನು ತನ್ನ ಬಾಯಲ್ಲಿ ಹಿಡಿಯಬೇಕು. ತಪ್ಪಿದರೆ ಮತ್ತೆ ಹಿಡಿಯಬೇಕು.

ಈ ಘರಾಣೆಯ ವಿದ್ಯೆಯು ಸುಲಭಸಾಧ್ಯವಲ್ಲ. ಎರಡು ರಾಗಗಳನ್ನು ಒಂದೇ ಎರಕದಲ್ಲಿ ಹೊಯ್ದಂತಿರುವ ಜೋಡುರಾಗಗಳು, ಅಪೂರ್ವವಾದ ಅನೇಕ ರಾಗಗಳು, ಒಂದರ ಕೊನೆಯಿಂದ ಇನ್ನೊಂದು ಹುಟ್ಟುವಂತೆ ಸುತ್ತಿಕೊಂಡ ತಾನುಗಳು, ತಾಳದ ಪ್ರತಿಯೊಂದು ಮಾತ್ರೆಯನ್ನೂ ಎಚ್ಚರದಿಂದ ತುಂಬುತ್ತ ಸಮಕ್ಕೆ ಬಂದು ಸೇರುವ ಲಯಗಾರಿಕೆ ಇದರ ಲಕ್ಷಣಗಳು. ಇದಕ್ಕೆ ದೀರ್ಘವಾದ ಉಸಿರು ಬೇಕು. ಅದಕ್ಕಿಂತ ಹೆಚ್ಚಾಗಿ ಚದುರದ ಚಿತ್ತ ಬೇಕು. ಮನಸ್ಸು ಒಂದು ನಿಮಿಷ ಅತ್ತಿತ್ತ ಸುಳಿದರೂ ಜೋಡುರಾಗದ ಒಂದು ಮುಖವು ಮಾಸಿಹೋಗುವುದು. ಸಂಗೀತವು ಮನಸ್ಸನ್ನು ರೂಪಿಸುವುದೆಂಬ ಮಾತಿನ ಅರ್ಥವು ಇಲ್ಲಿ ತಿಳಿಯುವುದು. ಇಂಪಾದುದು ಕಿವಿಗೆ ಬಿದ್ದೊಡನೆ ಮನಸ್ಸು ಅರಳುವುದು ಸಹಜ. ಅದು ಗಳಿಗೆಯ ಮಾತು. ದಿನದಿನವೂ ತಾಸುಗಟ್ಟಲೆ ಒಂದೇ ಸ್ವರಪಂಕ್ತಿಯನ್ನು ತಿದ್ದಿಕೊಳ್ಳುತ್ತಿರುವವನ ಮನಸ್ಸು ತಾನೂ ತಿದ್ದಿಕೊಳ್ಳುತ್ತಿರುವುದು. ಇದು ಬಾಳಿನ ಮಾತು.

ದೈವಸಂಕಲ್ಪ ಬೇರೆಯಾಗಿತ್ತು. 1937ರಲ್ಲಿ ಮಂಜಿಖಾನರು ಅಕಾಲದಲ್ಲಿ ತೀರಿಕೊಂಡರು. ಪಾಠವು ಇನ್ನೂ ಅರ್ಧದಲ್ಲಿತ್ತು. ಹಳೆಯ ಹಾದಿಯನ್ನು ಬಿಟ್ಟು ಬಂದಾಗಿದೆ. ಹೊಸ ಹಾದಿಯು ನಡುವೆ ಕಡಿದುಹೋಗಿದೆ. ಇಂತಹ ಸಮಯದಲ್ಲಿ ಮನಸ್ಸು ಕಂಗೆಟ್ಟು ಹಿಂದಿರುಗುವುದೇ ಲೋಕಸ್ವಭಾವ. ಮನಸೂರರು ಹಿಂದಿರುಗಲಿಲ್ಲ. ಮಂಜಿಖಾನರ ತಮ್ಮಂದಿರಾದ ಭೂರ್ಜಿಖಾನರ ಬಳಿ ಮತ್ತೆ ಪಾಠಕ್ಕೆ ಕುಳಿತರು. 1950ರಲ್ಲಿ ಭೂರ್ಜಿಖಾನರು ಕಾಲವಾಗುವವರೆಗೂ ಆ ಗುರುಶಿಷ್ಯಬಂಧವು ಕಡಿಯಲಿಲ್ಲ. ಅವರ ಗಾಯನದ ಪೂರ್ಣಸ್ವರೂಪವು ರೂಪುಗೊಂಡುದು ಈ ಕಾಲದಲ್ಲಿಯೇ ಎಂದು ಬಲ್ಲವರ ಅಭಿಪ್ರಾಯ.

ನಿತ್ಯವೂ ಇಷ್ಟಲಿಂಗವನ್ನು ಪೂಜಿಸುವ ಲಿಂಗವಂತ ಶಿಷ್ಯ. ಇಸ್ಲಾಂ ಧರ್ಮದ ಗುರು. ಈ ಇಬ್ಬರ ನಡುವೆ ವಿದ್ಯೆಯು ನಿರ್ಮಲವಾದ ನೀರಿನಂತೆ ಹರಿಯಿತು. ಗುರುವಿನ ಕುಲವನ್ನು ಕೇಳಬಾರದೆಂಬುದು ಶರಣರ ಶಾಸನ. ಮನಸೂರರು ಅದನ್ನು ಬಾಯಲ್ಲಿ ಹೇಳಿಕೊಳ್ಳದೆ ಬಾಳಿ ತೋರಿದರು. ಕೊನೆಯವರೆಗೂ ತಮ್ಮ ಗುರುಗಳ ಹೆಸರನ್ನು ಅತ್ಯಂತ ವಿನಯದಿಂದ ಸ್ಮರಿಸುತ್ತಿದ್ದರು.

ತೆಂಗಿನ ಸೀಮೆಯವರಿಗೆ ಈ ಸಾಧನೆಯ ಬಗೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಬಲಿತ ಕಾಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟಾಗಲೇ ಒಳಗಿನ ನೀರು ಇಂಗಿ, ತಿರುಳು ಕರಟದಿಂದ ತಾನಾಗಿಯೇ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುವುದು. ಅವಸರಪಟ್ಟು ಒಡೆದವನಿಗೆ ಸಿಕ್ಕುವುದು ಹಸಿಕಾಯಿ. ಮನಸೂರರು ತಮ್ಮ ಕಾಯನ್ನು ಅವಸರದಿಂದ ಒಡೆಯಲಿಲ್ಲ. ಇಪ್ಪತ್ತರ ಹರೆಯದಲ್ಲಿ ಬಂದ ಹೆಸರನ್ನು ಬದಿಗಿರಿಸಿ ಇನ್ನೂ ಹಲವು ವರ್ಷ ಅಟ್ಟದ ಕತ್ತಲಲ್ಲಿ ಮಾಗಿದರು.

ವಚನಗಾಯನ

ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯೊಡನೆ ಮನಸೂರರ ಸಂಬಂಧವು ಹಾಡಿಕೆಯಲ್ಲಿಯೇ ಮುಗಿಯಲಿಲ್ಲ. ಕೆಲವು ಕಾಲ ಅವರು ಅಲ್ಲಿ ಸಂಗೀತ ನಿರ್ದೇಶಕರೂ ಆಗಿದ್ದರು. 1950ರ ಜನವರಿಯಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾಯಿತು; ಮುಂದೆ ಮನಸೂರರು ಆ ಕೇಂದ್ರದ ಸಂಗೀತ ಸಲಹೆಗಾರರಾದರು. ತಟ್ಟೆಯು ಹಣ ಕೊಟ್ಟು ಕೊಂಡವನಿಗೆ ಮಾತ್ರ ಹಾಡುವುದು. ಆಕಾಶವಾಣಿಯು ಊರ ಚಾವಡಿಯಲ್ಲಿ ಕುಳಿತವರೆಲ್ಲರಿಗೂ ಹಾಡುವುದು. ಈ ಸಾಧನದ ಬಲವನ್ನರಿತು ಅವರು ಅದರಿಂದ ಬಿತ್ತರಿಸಿದ ಸಂಪತ್ತುಗಳಲ್ಲಿ ವಚನಗಾಯನವು ಮುಖ್ಯವಾದುದು.

ವಚನವನ್ನು ಹಾಡುವುದು ಕಠಿಣವಾದ ಕೆಲಸ. ಅದು ಪದ್ಯವಲ್ಲ, ಮಾತ್ರಾಗಣಗಳ ನಿಯಮವಿಲ್ಲ, ಸಾಲುಗಳು ಒಂದು ಗಿಡ್ಡ, ಒಂದು ಉದ್ದ. ತಾಳಕ್ಕೆ ಕಟ್ಟಲು ಹೋದರೆ ಮಾತು ಮುರಿಯುವುದು. ಮಾತನ್ನು ಉಳಿಸಲು ಹೋದರೆ ತಾಳ ತಪ್ಪುವುದು. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಗದುಗಿನ ಪಂಚಾಕ್ಷರಿ ಗವಾಯಿಗಳು ಈ ಮಾರ್ಗದಲ್ಲಿ ಮೊದಲೇ ನಡೆದಿದ್ದರು. ಮನಸೂರರು ಅದೇ ಮಾರ್ಗದಲ್ಲಿ ತಮ್ಮದೇ ಆದ ಹೆಜ್ಜೆಗಳನ್ನಿಟ್ಟರು. ಖ್ಯಾಲಿನಲ್ಲಿ ಸ್ವರವು ದೊರೆ, ಪದವು ಪರಿವಾರ. ವಚನದಲ್ಲಿ ಅವರು ಪದವನ್ನೇ ದೊರೆಯಾಗಿ ಕುಳ್ಳಿರಿಸಿದರು. ವಚನದ ಭಾವಕ್ಕೆ ತಕ್ಕ ರಾಗವನ್ನಾರಿಸಿ, ಮಾತಿನ ಸಹಜವಾದ ಏರಿಳಿತವನ್ನು ರಾಗದ ಏರಿಳಿತಕ್ಕೆ ಹೊಂದಿಸಿ, ಅಂಕಿತನಾಮಕ್ಕೆ ಬಂದಾಗ ಸ್ವರವನ್ನು ಶರಣಾಗತಿಯ ಭಾವದಲ್ಲಿ ನಿಲ್ಲಿಸುತ್ತಿದ್ದರು. ಅಕ್ಕಮಹಾದೇವಿಯ ವಿರಹವೂ ಬಸವಣ್ಣನವರ ಆರ್ತತೆಯೂ ಅಕ್ಷರ ಬಾರದವನ ಎದೆಗೂ ಇಳಿದುವು. ತಾನುಗಳ ಚಕ್ರವ್ಯೂಹವನ್ನು ಭೇದಿಸಬಲ್ಲ ಗಾಯಕನು ಒಂದು ವಚನದ ಮುಂದೆ ತನ್ನ ವಿದ್ಯೆಯನ್ನೆಲ್ಲ ಅಡಗಿಸಿಕೊಂಡು ನಿಂತುದು ಸಾಮಾನ್ಯವಾದ ಸಂಯಮವಲ್ಲ.

ಇದರಿಂದ ನಾಡಿನ ಸಂಸ್ಕೃತಿಯಲ್ಲಿ ಒಂದು ಹೊಸ ಪದ್ಧತಿ ನೆಲೆಯೂರಿತು. ಪಂಡಿತರ ವ್ಯಾಖ್ಯಾನದಲ್ಲಿಯೂ ಮಠದ ಪ್ರವಚನದಲ್ಲಿಯೂ ಇದ್ದ ವಚನಗಳು ಕಚೇರಿಯ ವೇದಿಕೆಯನ್ನೇರಿದುವು; ವೇದಿಕೆಯಿಂದ ತಟ್ಟೆಗೆ, ತಟ್ಟೆಯಿಂದ ಕ್ಯಾಸೆಟ್ಟಿಗೆ, ಅಲ್ಲಿಂದ ಇಂದಿನ ಮೊಬೈಲ್ ಫೋನಿಗೆ ಸಂಚರಿಸಿದುವು. ಶ್ರಾವಣಮಾಸದ ಪುರಾಣಕ್ಕೆ ಮುನ್ನ ವಚನಗಾಯನವಾಗುವುದು ತೆಂಗಿನ ಸೀಮೆಯಲ್ಲಿಯೂ ಅಪರಿಚಿತವಲ್ಲ.

ಶಿವಪೂಜೆ ಮತ್ತು ಗುರುಭಕ್ತಿ

ಮನಸೂರರು ಧಾರವಾಡದ ಮುರುಘಾಮಠದ ಶ್ರೀ ಮೃತ್ಯುಂಜಯ ಸ್ವಾಮಿಗಳಲ್ಲಿ ಅಚಲವಾದ ಭಕ್ತಿಯುಳ್ಳವರಾಗಿದ್ದರು. ತಮ್ಮ ಮನೆಗೆ ಮೃತ್ಯುಂಜಯವೆಂಬ ಹೆಸರನ್ನೇ ಇಟ್ಟರು. ಶಿವಪೂಜೆಯು ಅವರ ನಿತ್ಯವ್ರತ. ಪೂಜೆಯ ವೇಳೆಯಲ್ಲಿಯೇ ರಾಗವು ಮೆಲ್ಲಗೆ ತುಟಿಯ ಮೇಲೆ ಸುಳಿಯುತ್ತಿತ್ತು. ಹತ್ತಿರದವರಿಗೆ ಪೂಜೆ ಎಲ್ಲಿ ಮುಗಿಯಿತು, ಸಾಧನೆ ಎಲ್ಲಿ ಆರಂಭವಾಯಿತು ಎಂಬುದು ತಿಳಿಯುತ್ತಿರಲಿಲ್ಲ. ಕಾಯಕವೇ ಕೈಲಾಸವೆಂಬ ತತ್ತ್ವವನ್ನು ಒಕ್ಕಲಿಗನು ನೇಗಿಲಿನಲ್ಲಿ, ನೇಕಾರನು ಮಗ್ಗದಲ್ಲಿ ಕಾಣುವಂತೆ ಅವರು ಸ್ವರದಲ್ಲಿ ಕಂಡರು. ಉಡುಗೆತೊಡುಗೆಯಲ್ಲಿಯೂ ಮಾತುಕತೆಯಲ್ಲಿಯೂ ಕೊನೆಯವರೆಗೆ ಹಳ್ಳಿಯ ಸರಳತೆ ಬಿಡಲಿಲ್ಲ.

ಮನ್ನಣೆ ಮತ್ತು ಲಿಂಗೈಕ್ಯ

ಇಂತಹ ಗಾಯಕರನ್ನು ದೇಶವು ಬಹುಕಾಲದ ಮೇಲೆ ಗುರುತಿಸಿತು. 1970ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ಅರವತ್ತಕ್ಕೆ ಸಮೀಪ. 1976ರಲ್ಲಿ ಪದ್ಮಭೂಷಣ, 1982ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಷಿಪ್, 1992ರಲ್ಲಿ ಪದ್ಮವಿಭೂಷಣ ಒಂದರ ಹಿಂದೊಂದು ಬಂದುವು. ಕರ್ನಾಟಕ ವಿಶ್ವವಿದ್ಯಾಲಯವು ಅವರ ವಿದ್ಯೆಯ ಲಾಭವನ್ನು ಪಡೆಯಿತು. ನನ್ನ ರಸಯಾತ್ರೆ ಎಂಬ ಹೆಸರಿನಲ್ಲಿ ಅವರು ತಮ್ಮ ಬಾಳಿನ ಕಥೆಯನ್ನು ಹೇಳಿದರು.

ಇಳಿವಯಸ್ಸಿನಲ್ಲಿ ಅವರ ಕಂಠವು ಇನ್ನಷ್ಟು ಮೊನಚಾಯಿತೇ ಹೊರತು ಮಂಕಾಗಲಿಲ್ಲ. ಅಷ್ಟರಲ್ಲಿ ಧ್ವನಿಮುದ್ರಣದ ತಂತ್ರವೂ ಬೆಳೆದಿತ್ತು. ಒಂದು ಮುಖದಲ್ಲಿ ಇಪ್ಪತ್ತು ನಿಮಿಷಕ್ಕೂ ಮೀರಿ ಹಿಡಿಯುವ ದೀರ್ಘಾವಧಿಯ ತಟ್ಟೆಗಳು ಬಂದಿದ್ದುವು, ಕ್ಯಾಸೆಟ್ಟುಗಳು ಬಂದುವು. ಶುದ್ಧನಟ, ಖಟ್, ಶಿವಮತ ಭೈರವ, ಬಹಾದುರಿ ತೋಡಿ, ಸಂಪೂರ್ಣ ಮಾಲಕಂಸ ಮೊದಲಾದ ಅಪೂರ್ವ ರಾಗಗಳು ಅವರ ಕಂಠದಲ್ಲಿ ಸಾವಕಾಶವಾಗಿ ಅರಳಿ ಉಳಿದುದು ಈ ಸಾಧನಗಳಿಂದ. ಯೌವನದಲ್ಲಿ ಅವರ ಹಾಡನ್ನು ಮೂರು ನಿಮಿಷಕ್ಕೆ ಕುಗ್ಗಿಸಿದ ಉದ್ಯಮವೇ ವೃದ್ಧಾಪ್ಯದಲ್ಲಿ ಅದರ ವಿಸ್ತಾರವನ್ನು ಕಾಪಾಡಿದುದು ಒಂದು ವಿಶೇಷ. ಹಾಗೆ ಕಾಪಾಡದಿದ್ದರೆ ಆ ರಾಗಗಳಲ್ಲಿ ಕೆಲವು ಇಂದಿನವರಿಗೆ ಹೆಸರು ಮಾತ್ರವಾಗಿರುತ್ತಿದ್ದುವು.

1992ನೆಯ ಸೆಪ್ಟೆಂಬರ್ 12ರಂದು ಶ್ರೀಯವರು ಧಾರವಾಡದಲ್ಲಿ ಲಿಂಗೈಕ್ಯರಾದರು. ಅವರ ಪುತ್ರ ರಾಜಶೇಖರ ಮನಸೂರರು ತಂದೆಯ ಗಾಯನಪರಂಪರೆಯನ್ನು ಮುಂದುವರಿಸಿ 2022ರಲ್ಲಿ ಕಾಲವಾದರು. ಮೃತ್ಯುಂಜಯವೆಂಬ ಆ ಮನೆಯು ಸ್ಮಾರಕವಾಯಿತು.

ಈ ಚರಿತ್ರೆಯಿಂದ ಶಿಷ್ಯವರ್ಗವು ಗ್ರಹಿಸತಕ್ಕುದೇನು? ತಾಳೆಗರಿಯಾಗಲಿ, ಅಚ್ಚಿನ ಪುಸ್ತಕವಾಗಲಿ, ಅರಗಿನ ತಟ್ಟೆಯಾಗಲಿ, ಮೊಬೈಲ್ ಫೋನಾಗಲಿ ಎಲ್ಲವೂ ಪಾತ್ರೆಗಳು. ಪಾತ್ರೆಯನ್ನು ಹಳಿಯುವುದು ಅವಿವೇಕ, ಏಕೆಂದರೆ ಅದಿಲ್ಲದಿದ್ದರೆ ಅಮೃತವೂ ನೆಲದ ಪಾಲಾಗುವುದು. ಪಾತ್ರೆಯನ್ನೇ ಅಮೃತವೆಂದು ಭ್ರಮಿಸುವುದು ಅದಕ್ಕಿಂತ ದೊಡ್ಡ ಅವಿವೇಕ. ತಾಳೆಗರಿಯಲ್ಲಿ ಬರೆದಿಟ್ಟ ವಚನವು ಆಚರಣೆಗೆ ಬಾರದಿದ್ದರೆ ಗೆದ್ದಲಿನ ಆಹಾರ. ತಟ್ಟೆಯಲ್ಲಿ ಉಳಿದ ರಾಗವು ಕೇಳುವವನ ಮನಸ್ಸನ್ನು ನಿಲ್ಲಿಸದಿದ್ದರೆ ಬರಿಯ ಸದ್ದು. ಮನಸೂರರು ತಟ್ಟೆಯಿಂದ ಹೆಸರನ್ನು ಪಡೆದರು. ಗುರುವಿನಿಂದ ವಿದ್ಯೆಯನ್ನು ಪಡೆದರು. ಶಿವಪೂಜೆಯಿಂದ ಶಾಂತಿಯನ್ನು ಪಡೆದರು. ಈ ಮೂರರಲ್ಲಿ ಯಾವುದು ಯಾವುದಕ್ಕೆ ಅಧೀನವಾಗಿರಬೇಕೆಂಬುದನ್ನು ಅವರು ಎಂದೂ ಮರೆಯಲಿಲ್ಲ.

ಇಂದು ಕೈಬೆರಳಿನ ತುದಿಯಲ್ಲಿ ಲಕ್ಷೋಪಲಕ್ಷ ಹಾಡುಗಳಿವೆ. ಒಂದನ್ನು ಪೂರ್ತಿಯಾಗಿ ಕೇಳುವ ವ್ಯವಧಾನವೇ ವಿರಳವಾಗಿದೆ. ದಿನಕ್ಕೆ ಒಂದು ಬಾರಿಯಾದರೂ ಒಂದೇ ವಚನವನ್ನು, ಒಂದೇ ರಾಗವನ್ನು, ಆದಿಯಿಂದ ಅಂತ್ಯದವರೆಗೆ ಕದಲದೆ ಕುಳಿತು ಕೇಳುವವನು ಆ ಮಹನೀಯರ ನಿಜವಾದ ಶ್ರೋತೃವೆನಿಸುವನು. ಕೇಳಿದ ಮೇಲೆ ಯಂತ್ರವನ್ನು ನಿಲ್ಲಿಸಿ, ಕಂಠ ಒರಟಾಗಿದ್ದರೂ ಚಿಂತೆಯಿಲ್ಲದೆ, ಆ ವಚನವನ್ನು ತನ್ನ ಬಾಯಿಂದಲೇ ಹಾಡಿಕೊಳ್ಳುವವನು ಅವರ ಶಿಷ್ಯನೇ ಸರಿ. ಅಂತಹ ಶಿಷ್ಯರು ಪ್ರತಿಯೊಂದು ಗ್ರಾಮದಲ್ಲಿಯೂ ಪ್ರತಿಯೊಂದು ಮನೆಯಲ್ಲಿಯೂ ಹೆಚ್ಚಲಿ; ನಾದಸ್ವರೂಪನಾದ ಪರಶಿವನು ಎಲ್ಲರ ಮನಸ್ಸನ್ನೂ ಒಂದು ಶ್ರುತಿಗೆ ತರಲಿ.